‘ಯಾವೂರಾಯ್ತು?’: ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಊರಾಡಳಿತ ಮತ್ತು ಬಡವರ ಅನ್ನ

ಹಳ್ಳಿಯ ಅರಳಿಕಟ್ಟೆಯ ಮೇಲೆ ಹೊಸಬರೊಬ್ಬರು ಬಂದು ಕೂತರೆ ನಮ್ಮ ಕಡೆ ಮೊದಲು ಬೀಳುವ ಪ್ರಶ್ನೆ ‘ಯಾವೂರಾಯ್ತು?’ ಎಂಬುದು. ಉತ್ತರ ಸಿಕ್ಕ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಳ್ಳುತ್ತದೆ, ನೆಂಟಸ್ತಿಕೆಯ ಎಳೆ ಹುಡುಕುವ ಕೆಲಸ ಶುರುವಾಗುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೂಲಿಯವನೊಬ್ಬನಿಗೆ ಇದೇ ಪ್ರಶ್ನೆ ಹಾಕುತ್ತಿದ್ದವರು ಮ್ಯಾಜಿಸ್ಟ್ರೇಟರು. ಅವನಿಂದ ಪ್ರಮಾಣ ಮಾಡಿಸಿ, ಹುಟ್ಟಿದ್ದೆಲ್ಲಿ, ಯಾರ ಹತ್ತಿರ ಎಷ್ಟು ತಿಂಗಳು ಚಾಕರಿ ಮಾಡಿದೆ, ಬಾಡಿಗೆ ಎಷ್ಟು ಕೊಟ್ಟೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡು, ಕೊನೆಗೆ ಅವನ ಹೆಬ್ಬೆಟ್ಟಿನ ಬದಲು ಒಂದು ಅಡ್ಡಗೀಟು ಹಾಕಿಸುತ್ತಿದ್ದರು. ಅವನ ಹೆಂಡತಿ ಮಕ್ಕಳಿಗೆ ರೊಟ್ಟಿ ಕೊಡಬೇಕಾದ ಊರು ಯಾವುದೆಂಬುದು ಆ ಕಾಗದದ ಮೇಲೆ ತೀರ್ಮಾನವಾಗುತ್ತಿತ್ತು. ಇಂಗ್ಲೆಂಡಿನ ಸ್ಥಳೀಯ ಸರ್ಕಾರದ ಚರಿತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ಬಡವ ಯಾವ ಊರಿಗೆ ಸೇರಿದವನು ಎಂಬ ಈ ಜಗಳದ ಚರಿತ್ರೆಯೇ.

ಜಗಳ ನಡೆದ ಅಖಾಡದ ಹೆಸರು ಪ್ಯಾರಿಷ್. ಮೂಲದಲ್ಲಿ ಅದು ಧರ್ಮದ ಗಡಿ: ಒಂದು ಚರ್ಚು, ಒಬ್ಬ ಪಾದ್ರಿ, ಅವರ ಜೀವನಕ್ಕೆ ಬೆಳೆಯ ಹತ್ತರಲ್ಲೊಂದು ಪಾಲು ಕೊಡುವಷ್ಟು ಜಮೀನು. ಟ್ಯೂಡರ್ ದೊರೆಗಳಿಗೆ ಹಳ್ಳಿಯಲ್ಲಿ ಸಂಬಳದ ನೌಕರರಿರಲಿಲ್ಲ, ಆದರೆ ಹಳ್ಳಿಯಿಂದ ಕೆಲಸ ತೆಗೆಯಬೇಕಿತ್ತು. ಹಾಗಾಗಿ ಇದ್ದ ಈ ಗಡಿಯನ್ನೇ ಎಳೆದುಕೊಂಡರು. 1538ರಲ್ಲಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿ, ದೀಕ್ಷಾಸ್ನಾನ, ಮದುವೆ, ಹೂಳುವಿಕೆ ಇವನ್ನೆಲ್ಲ ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ಪಾದ್ರಿಯ ತಲೆಗೆ ಕಟ್ಟಿದ. 1555ರಲ್ಲಿ ರಸ್ತೆ ರಿಪೇರಿಯೂ ಪ್ಯಾರಿಷ್‌ನ ಪಾಲಿಗೆ ಬಂತು. ಊರಿನ ಪ್ರತಿ ಮನೆಯವರೂ ವರ್ಷಕ್ಕೆ ನಾಲ್ಕು ದಿನ ಗುದ್ದಲಿ ಹಿಡಿದು ಬರಬೇಕು, ಗಾಡಿ ಇದ್ದವರು ಗಾಡಿ ತರಬೇಕು. ಎಂಟು ವರ್ಷದ ಮೇಲೆ ಅದನ್ನು ಆರು ದಿನಕ್ಕೆ ಏರಿಸಿದರು. ನಮ್ಮ ಹಿರಿಯರು ಬಿಟ್ಟಿ ಎನ್ನುತ್ತಿದ್ದರಲ್ಲ, ಅದರದೇ ಜಾತಿ.

ಊರಿನ ವ್ಯವಹಾರ ಮಾತಾಡಲು ಜನ ಸೇರುತ್ತಿದ್ದದ್ದು ಚರ್ಚಿನಲ್ಲಿ ಪಾದ್ರಿಯ ನಿಲುವಂಗಿ ಇಡುವ ಕೋಣೆಯಲ್ಲಿ. ಆ ಕೋಣೆಯ ಹೆಸರು ವೆಸ್ಟ್ರಿ. ಸಭೆಗೂ ಅದೇ ಹೆಸರಾಯಿತು. ಬಟ್ಟೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು ಅದು. ನಮ್ಮ ‘ವಸ್ತ್ರ’ಕ್ಕೆ ದೂರದ ದಾಯಾದಿ. ಚಳಿಯಲ್ಲಿ ಆ ಕೋಣೆ ಒಗ್ಗದೆ ಸಭೆಯನ್ನು ಪಕ್ಕದ ಹೆಂಡದಂಗಡಿಗೆ ವರ್ಗಾಯಿಸುವುದೂ ಅನೇಕ ಊರುಗಳಲ್ಲಿ ರೂಢಿಯಾಗಿತ್ತು.

ಎಂಟನೆಯ ಹೆನ್ರಿ 1536ರಿಂದ 1540ರ ನಡುವೆ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿ ಹಂಚಿದಾಗ, ಬಾಗಿಲಲ್ಲಿ ನಿಂತವರಿಗೆ ಸಿಗುತ್ತಿದ್ದ ಗಂಜಿಯೂ ನಿಂತಿತು. ಜನಸಂಖ್ಯೆ ಏರುತ್ತಿತ್ತು, ಧಾನ್ಯದ ಬೆಲೆ ಅದಕ್ಕಿಂತ ಬೇಗ ಏರುತ್ತಿತ್ತು. ಮೊದಲು ಅಲೆಮಾರಿಗಳಿಗೆ ಚಾಟಿ ಬೀಸಿ ನೋಡಿದರು. ಚರ್ಚಿನಲ್ಲಿ ಡಬ್ಬಿ ಇಟ್ಟು ದಾನ ಬೇಡಿದರು. ಎರಡೂ ಸಾಲದೆ 1572ರಲ್ಲಿ ಬಡವರಿಗಾಗಿ ಕಡ್ಡಾಯ ತೆರಿಗೆ ಬಂತು. 1590ರ ದಶಕದಲ್ಲಿ ಸಾಲು ಸಾಲಾಗಿ ಬೆಳೆ ಹೋದ ಮೇಲೆ 1598ರಲ್ಲಿ ಒಂದು ಸಮಗ್ರ ಕಾನೂನು ಮಾಡಿ, 1601ರಲ್ಲಿ ಅದನ್ನೇ ತಿದ್ದಿ ಗಟ್ಟಿ ಮಾಡಿದರು. ಎಲಿಜಬೆತ್ ರಾಣಿಯ ಆಳ್ವಿಕೆಯ ಈ ಕಾನೂನು ಮುಂದೆ ಇನ್ನೂರ ಮೂವತ್ತು ವರ್ಷ ನಡೆಯಿತು.

ಅದರ ಏರ್ಪಾಡು ಸರಳ. ಪ್ರತಿ ಪ್ಯಾರಿಷ್‌ನಲ್ಲಿ ಚರ್ಚಿನ ವ್ಯವಹಾರ ನೋಡಿಕೊಳ್ಳುವ ಚರ್ಚ್‌ವಾರ್ಡನ್ನರ ಜೊತೆಗೆ ಇಬ್ಬರಿಂದ ನಾಲ್ವರು ಅನುಕೂಲಸ್ಥ ಮನೆಯವರನ್ನು ಮ್ಯಾಜಿಸ್ಟ್ರೇಟರು ಈಸ್ಟರ್ ಹೊತ್ತಿಗೆ ‘ಬಡವರ ಓವರ್‌ಸಿಯರ್’ ಎಂದು ನೇಮಿಸಬೇಕು. ಅವರು ಜಮೀನು ಮನೆಗಳ ಮೇಲೆ ತೆರಿಗೆ ಎತ್ತಬೇಕು. ಮುದುಕರು, ಕುರುಡರು, ಕೈಕಾಲಿಲ್ಲದವರಿಗೆ ಆ ಹಣದಲ್ಲಿ ನೆರವು. ಮೈಯಲ್ಲಿ ಕಸುವಿದ್ದವರಿಗೆ ಅಗಸೆ ನಾರು, ಉಣ್ಣೆ, ಕಬ್ಬಿಣ ಕೊಡಿಸಿ ಕೆಲಸ. ದಿಕ್ಕಿಲ್ಲದ ಮಕ್ಕಳಿಗೆ ಯಾರದಾದರೂ ಮನೆಯಲ್ಲಿ ಕಸುಬು ಕಲಿಯುವ ಹೊಣೆ, ಹುಡುಗರಾದರೆ 24 ವಯಸ್ಸಿನವರೆಗೆ, ಹುಡುಗಿಯರಾದರೆ 21 ಅಥವಾ ಮದುವೆಯವರೆಗೆ. ನಮ್ಮಲ್ಲಿ ಓವರ್‌ಸಿಯರ್ ಎಂದರೆ ಲೋಕೋಪಯೋಗಿ ಇಲಾಖೆಯವರು, ಜಲ್ಲಿ ರಾಶಿಗೆ ಟೇಪು ಹಿಡಿಯುವವರು. ಅಲ್ಲಿ ಅವರು ಅಳೆಯುತ್ತಿದ್ದದ್ದು ನೆರೆಮನೆಯವರ ಹಸಿವನ್ನು. ಸಂಬಳವಿಲ್ಲ, ಒಲ್ಲೆ ಎಂದರೆ ದಂಡ. ವರ್ಷವಿಡೀ ಬೈಗುಳ ತಿಂದು ಮುಂದಿನ ಈಸ್ಟರ್‌ಗೆ ಪುಸ್ತಕವನ್ನು ಇನ್ನೊಬ್ಬರ ಕೈಗಿಟ್ಟು ನಿಟ್ಟುಸಿರು ಬಿಡುವುದು, ಇಷ್ಟೇ ಪ್ರತಿಫಲ.

ಆ ಪುಸ್ತಕಗಳು ಬಹಳ ಊರುಗಳಲ್ಲಿ ಉಳಿದಿವೆ. ತೆರೆದರೆ ಕಾನೂನಿನ ಭಾಷೆ ಮಾಯವಾಗಿ ಹಳ್ಳಿಯೇ ಎದ್ದು ಬರುತ್ತದೆ. ವಿಧವೆಗೆ ವಾರಕ್ಕಿಷ್ಟು ಎಂದು ವರ್ಷಗಟ್ಟಲೆ ಒಂದೇ ಹೆಸರು. ಹುಡುಗನಿಗೆ ಒಂದು ಜೊತೆ ಬೂಟು, ಅದಕ್ಕೆ ಮತ್ತೆ ಅಟ್ಟೆ ಹಾಕಿಸಿದ್ದು. ಹೆಂಗಸಿಗೆ ಒಂದು ಒಳ ಅಂಗಿಯ ಬಟ್ಟೆ. ಸೌದೆ. ಸೂಲಗಿತ್ತಿಗೆ ಕೊಟ್ಟದ್ದು. ಜ್ವರದಲ್ಲಿ ಬಿದ್ದ ಬಡವಳನ್ನು ನೋಡಿಕೊಂಡ ಇನ್ನೊಬ್ಬ ಬಡವಳಿಗೆ ಕೊಟ್ಟದ್ದು. ಒಂದೇ ನಾಣ್ಯದಲ್ಲಿ ಇಬ್ಬರಿಗೆ ನೆರವು. ಆಮೇಲೆ ಶವಪೆಟ್ಟಿಗೆ, ಗುಂಡಿ ತೋಡಿದ ಕೂಲಿ, ಹೆಣ ಸಿಂಗರಿಸಲು ಬಂದವರಿಗೆ ಬಿಯರು. ಇದು ಔದಾರ್ಯವಲ್ಲ, ಲೆಕ್ಕ. ಆದರೆ ಬೂಟಿನ ಅಳತೆ ಗೊತ್ತಿದ್ದವರು ಬರೆದ ಲೆಕ್ಕ.

ಪರಿಚಯವಿದ್ದ ಕೈ ತೆರೆದಷ್ಟೇ ಸುಲಭವಾಗಿ ಮುಚ್ಚುತ್ತಿತ್ತು. ಬಡವರ ಖರ್ಚು ಆಯಾ ಊರಿನದೇ ಎಂದ ಮೇಲೆ, ಪಕ್ಕದ ಊರಿನ ಬಡವ ನಮ್ಮಲ್ಲಿ ಬಂದು ನೆಲೆಸುವುದನ್ನು ತಡೆಯಲೇಬೇಕಲ್ಲ? 1662ರ ನೆಲೆ ಕಾನೂನು ಆ ಬಾಗಿಲಿಗೆ ಅಗುಳಿ ಹಾಕಿತು. ವರ್ಷಕ್ಕೆ 10 ಪೌಂಡ್‌ಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ಹೊಸಬನೊಬ್ಬ ಬಂದು ಸೇರಿದರೆ, ‘ಇವನು ನಾಳೆ ನಮ್ಮ ಮೇಲೆ ಬೀಳುತ್ತಾನೆ’ ಎಂದು 40 ದಿನದೊಳಗೆ ದೂರು ಕೊಟ್ಟು, ಇಬ್ಬರು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು, ಅವನನ್ನು ಸ್ವಂತ ಊರಿಗೆ ಸಾಗಹಾಕಬಹುದಿತ್ತು. ಹೊಸ ಊರಿನ ಹಕ್ಕು ಸಿಗಬೇಕಾದರೆ ಮದುವೆಯಾಗದವನು ಅಲ್ಲಿ ಪೂರ್ತಿ ಒಂದು ವರ್ಷದ ಚಾಕರಿ ಮುಗಿಸಬೇಕು ಎಂಬ ನಿಯಮ ಬಂದ ಮೇಲೆ, ರೈತರು ಆಳನ್ನು ವರ್ಷಕ್ಕೆ ಒಂದು ವಾರ ಕಡಿಮೆ ಇಟ್ಟುಕೊಳ್ಳತೊಡಗಿದರು. 1697ರ ಕಾಯ್ದೆ ನೆರವು ಪಡೆಯುವವರ ಬಲತೋಳಿಗೆ ಕೆಂಪು ಇಲ್ಲವೆ ನೀಲಿ ಬಟ್ಟೆಯ ‘ಪಿ’ ಅಕ್ಷರವನ್ನೂ ಪಕ್ಕದಲ್ಲಿ ಊರಿನ ಹೆಸರಿನ ಮೊದಲಕ್ಷರವನ್ನೂ ಹೊಲಿಸಿತು. ಆ ಗುರುತು ಕಾನೂನಿನಿಂದ ಹೋದದ್ದು 1810ರಲ್ಲಿ. ಆಡಂ ಸ್ಮಿತ್ 1776ರ ತಮ್ಮ ದೊಡ್ಡ ಗ್ರಂಥದಲ್ಲಿ ನೆಲೆ ಕಾನೂನನ್ನು ಹಳಿದರು. 1795ರಲ್ಲಿ, ನೆರವು ಕೇಳುವ ತನಕ ಯಾರನ್ನೂ ಸಾಗಹಾಕಬಾರದು ಎಂಬ ತಿದ್ದುಪಡಿ ಬಂತು.

ಅತಿ ಕಷ್ಟ ಬಸುರಿಯರದು. ಮದುವೆಯಿಲ್ಲದೆ ಹುಟ್ಟಿದ ಮಗು ಹುಟ್ಟಿದ ಊರಿನದೇ ಎಂಬುದು ಅಂದಿನ ನ್ಯಾಯ. ಅಂದರೆ ಹೆರಿಗೆ ನೋವು ಗಡಿಕಲ್ಲಿನ ಆಚೆ ಬಂದರೆ ಒಂದು ಊರಿಗೆ ಉಳಿತಾಯ, ಈಚೆ ಬಂದರೆ ವರ್ಷಗಟ್ಟಲೆ ಖರ್ಚು. ತುಂಬು ಬಸುರಿಯನ್ನು ಗಾಡಿಗೆ ಹತ್ತಿಸಿ ಗಡಿ ದಾಟಿಸಿದ ಖರ್ಚನ್ನು ಓವರ್‌ಸಿಯರರು ನಾಚಿಕೆಯಿಲ್ಲದೆ ಪುಸ್ತಕದಲ್ಲಿ ಬರೆದಿದ್ದಾರೆ, ಅದೂ ಬೂಟಿನ ಲೆಕ್ಕ ಬರೆದ ಅದೇ ಪುಟಗಳ ನಡುವೆ.

ಇಂಥ ಊರೊಂದರ ಒಳಮನೆ ನೋಡಬೇಕಾದರೆ ಜೇಮ್ಸ್ ವುಡ್‌ಫೋರ್ಡ್ ಅವರ ದಿನಚರಿ ಇದೆ. ನಾರ್ಫಕ್ ಜಿಲ್ಲೆಯ ವೆಸ್ಟನ್ ಲಾಂಗ್‌ವಿಲ್ ಎಂಬ ಹಳ್ಳಿಗೆ 1776ರಲ್ಲಿ ಬಂದು ನೆಲೆಸಿದ ಪಾದ್ರಿ, 1803ರಲ್ಲಿ ಅಲ್ಲೇ ತೀರಿಕೊಂಡರು. ಊಟದ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದರೆ ದಿನಚರಿಯಲ್ಲಿ ದೇವರಿಗಿಂತ ಹುರಿದ ಮಾಂಸಕ್ಕೇ ಹೆಚ್ಚು ಜಾಗ. ಪ್ರತಿ ಡಿಸೆಂಬರ್ 21ರ ಸಂತ ಥಾಮಸನ ದಿನ ಊರಿನ ಬಡವರು ಅವರ ಬಾಗಿಲಿಗೆ ಬರುತ್ತಿದ್ದರು, ಐವತ್ತಕ್ಕೂ ಹೆಚ್ಚು ಮಂದಿ. ತಲೆಗೆ ಆರು ಪೆನ್ಸ್. ವ್ಯಾಲಂಟೈನ್ ದಿನ ಬಂದು ಶುಭಾಶಯ ಹೇಳುವ, ಹದಿನಾಲ್ಕರೊಳಗಿನ ಮಕ್ಕಳಿಗೆ ಒಂದೊಂದು ಪೆನ್ನಿ. ಒಳ್ಳೆಯ ಮನುಷ್ಯ, ಅನುಮಾನವಿಲ್ಲ.

ಅದೇ ಪಾದ್ರಿ 1787ರ ಜನವರಿ 25ರಂದು ಒಂದು ಮದುವೆ ಮಾಡಿಸಿದರು. ವರನನ್ನು ಹಿಡಿದು ತಂದಿದ್ದರು. 1733ರ ಕಾಯ್ದೆಯ ಪ್ರಕಾರ, ಬಸುರಿಯೊಬ್ಬಳು ಪ್ರಮಾಣ ಮಾಡಿ ಹೆಸರು ಹೇಳಿದ ಗಂಡಸು ಮಗುವಿನ ಖರ್ಚಿಗೆ ಊರಿಗೆ ಜಾಮೀನು ಕೊಡಬೇಕು, ಇಲ್ಲವಾದರೆ ಸೆರೆಮನೆ, ಇವೆರಡೂ ಬೇಡವಾದರೆ ತಾಳಿ ಕಟ್ಟಿದಂತೆ ಉಂಗುರ ತೊಡಿಸಬೇಕು. ಚರ್ಚಿನ ಅಂಗಳದಲ್ಲಿ ಅವನನ್ನು ಒಪ್ಪಿಸಲು ಬಹಳ ಹೊತ್ತು ಹಿಡಿಯಿತು, ಬಲಿಪೀಠದ ಮುಂದೆಯೂ ಅವನ ನಡತೆ ಚೆನ್ನಾಗಿರಲಿಲ್ಲ ಎಂದು ಪಾದ್ರಿ ಬರೆದುಕೊಂಡಿದ್ದಾರೆ. ಜನರನ್ನು ಹೀಗೆ ಬಲವಂತವಾಗಿ ಕೂಡಿಸುವುದು ಕ್ರೂರ ಎಂಬ ಕೊರಗೂ ಅದರಲ್ಲಿದೆ. ಕೊರಗಿದರು, ಆದರೆ ಮಂತ್ರ ನಿಲ್ಲಿಸಲಿಲ್ಲ. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬರೆದಿಡಲಿಲ್ಲ.

ಅವರ ಇನ್ನೊಂದು ಪುಟ 1781ರ ಮಾರ್ಚ್ ತಿಂಗಳದು. ಡೆರೆಹ್ಯಾಂ ಪಟ್ಟಣದ ಹತ್ತಿರ ಗ್ರೆಸೆನ್‌ಹಾಲ್‌ನಲ್ಲಿ ಅಕ್ಕಪಕ್ಕದ ಹತ್ತಾರು ಹಳ್ಳಿಗಳು ಕೂಡಿ ‘ದುಡಿಮೆಯ ಮನೆ’ ಎಂಬ ದೊಡ್ಡ ಇಟ್ಟಿಗೆ ಕಟ್ಟಡ ಎಬ್ಬಿಸಿದ್ದವು. ಪಾದ್ರಿ ಕುದುರೆ ಏರಿ ಅದನ್ನು ನೋಡಲು ಹೋದರು. ಒಳಗೆ ಸುಮಾರು 380 ಬಡವರು. ಮುಖದಲ್ಲಿ ಆರೋಗ್ಯವೂ ಇಲ್ಲ, ಗೆಲುವೂ ಇಲ್ಲ. ಕ್ರಿಸ್‌ಮಸ್ಸಿನಿಂದ ಆ ದಿನದವರೆಗೆ ಸತ್ತವರು 27. ಪಾದ್ರಿಯ ಟಿಪ್ಪಣಿ ಇಷ್ಟೇ. ಬಡವರನ್ನು ಮನೆಯಲ್ಲಿಟ್ಟು ಸಾಕುವುದಕ್ಕಿಂತ ಒಂದೇ ಸೂರಿನಡಿ ಕೂಡಿಹಾಕಿದರೆ ಅಗ್ಗವಾದೀತು ಎಂಬ ಆಸೆ ಹುಟ್ಟಿ ಆಗಲೇ ಅರ್ಧ ಶತಮಾನ ದಾಟಿತ್ತು.

ಅಗ್ಗದ ಚಿಂತೆಗೆ ಕಾರಣವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಡವರ ಖರ್ಚು 1776ರಲ್ಲಿ ಸುಮಾರು 15 ಲಕ್ಷ ಪೌಂಡ್ ಇದ್ದದ್ದು 1803ಕ್ಕೆ 40 ಲಕ್ಷ ದಾಟಿತು, 1818ರಲ್ಲಿ 78 ಲಕ್ಷದ ಹತ್ತಿರ ಹೋಯಿತು. ಊರಿನ ಗೋಮಾಳಗಳಿಗೆ ಬೇಲಿ ಬಿದ್ದು ಹಸು ಮೇಯಿಸುವ ಹಕ್ಕು ಹೋಗಿತ್ತು. ನೂಲುವ ಯಂತ್ರ ಬಂದು ಹೆಂಗಸರ ರಾಟೆ ಮೂಲೆ ಸೇರಿತ್ತು. ಮೇಲೆ ಫ್ರಾನ್ಸಿನ ಜೊತೆ ಯುದ್ಧ, ಕೆಟ್ಟ ಬೆಳೆ. 1795ರ ಮೇ 6ರಂದು ಬರ್ಕ್‌ಷೈರ್‌ನ ಸ್ಪೀನ್‌ಹ್ಯಾಂಲ್ಯಾಂಡ್‌ನಲ್ಲಿ ಪೆಲಿಕನ್ ಎಂಬ ಹೋಟೆಲಿನಲ್ಲಿ ಮ್ಯಾಜಿಸ್ಟ್ರೇಟರು ಕೂತು ರೊಟ್ಟಿಯ ಬೆಲೆಗೆ ನೆರವನ್ನು ಗಂಟು ಹಾಕಿದರು. ನಾಲ್ಕು ಕಿಲೋಗೆ ತುಸು ಕಡಿಮೆ ತೂಗುವ ದೊಡ್ಡ ರೊಟ್ಟಿಗೆ ಒಂದು ಷಿಲಿಂಗ್ ಇದ್ದಾಗ, ಗಂಡಸಿಗೆ ವಾರಕ್ಕೆ 3 ಷಿಲಿಂಗ್, ಹೆಂಡತಿಗೂ ಮನೆಯ ಇತರ ಪ್ರತಿಯೊಬ್ಬರಿಗೂ ಒಂದೂವರೆ ಷಿಲಿಂಗ್ ಸಿಗಲೇಬೇಕು. ಕೂಲಿ ಅಷ್ಟು ಬಾರದಿದ್ದರೆ ಕೊರತೆಯನ್ನು ಊರು ತುಂಬಬೇಕು. ರೊಟ್ಟಿಯ ಬೆಲೆ ಏರಿದಂತೆ ಇದೂ ಏರಬೇಕು. ತುಟ್ಟಿಭತ್ಯೆ ಪಡೆಯುವ ಇಂದಿನ ನೌಕರರಿಗೆ ಈ ತರ್ಕವನ್ನು ವಿವರಿಸಬೇಕಾಗಿಲ್ಲ. ಪಾರ್ಲಿಮೆಂಟಿನ ಕಾಯ್ದೆ ಅಲ್ಲದ ಈ ಪದ್ಧತಿ ದಕ್ಷಿಣದ ಹಳ್ಳಿಗಳಲ್ಲಿ ಬೇರೆ ಬೇರೆ ರೂಪದಲ್ಲಿ ಹಬ್ಬಿತು.

ಹೇಗೂ ಊರು ತುಂಬಿಕೊಡುತ್ತದಲ್ಲ ಎಂದು ದೊಡ್ಡ ರೈತರು ಕೂಲಿ ಏರಿಸಲಿಲ್ಲ ಎಂಬುದು ಇದರ ಮೇಲಿನ ಹಳೆಯ ದೂರು. ಕೂಲಿ ಮೊದಲೇ ಬಿದ್ದುಹೋಗಿದ್ದರಿಂದ ಭತ್ಯೆ ಬಂತು, ಭತ್ಯೆಯಿಂದ ಕೂಲಿ ಬಿದ್ದದ್ದಲ್ಲ ಎಂದು 1963ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಕ್ ಬ್ಲಾಗ್ ವಾದಿಸಿದರು. ಅಂಕಿಅಂಶ ಬ್ಲಾಗ್ ಕಡೆಗೇ ವಾಲುತ್ತದೆ. ಆದರೆ 1830ರಲ್ಲಿ ಅಂಥ ತಾಳ್ಮೆಯ ಓದು ಯಾರಿಗೂ ಬೇಕಿರಲಿಲ್ಲ. ಆ ವರ್ಷ ಕೆಂಟ್ ಜಿಲ್ಲೆಯಲ್ಲಿ ಶುರುವಾಗಿ ದಕ್ಷಿಣದುದ್ದಕ್ಕೂ ಕೂಲಿಕಾರರು ಒಕ್ಕಣೆ ಯಂತ್ರ ಒಡೆದರು, ಬಣವೆ ಸುಟ್ಟರು, ‘ಕ್ಯಾಪ್ಟನ್ ಸ್ವಿಂಗ್’ ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಬೆದರಿಕೆ ಪತ್ರ ಹಾಕಿದರು. 19 ಮಂದಿಗೆ ನೇಣು, ಸುಮಾರು 500 ಮಂದಿಗೆ ಗಡೀಪಾರು. ಹಳ್ಳಿಯ ಬಡವ ಇನ್ನು ಮುಂದೆ ಊರವರ ಲೆಕ್ಕಕ್ಕೆ ಬಿಡುವಂಥ ವಿಷಯವಲ್ಲ ಎಂದು ಲಂಡನ್ನಿಗೆ ಅನ್ನಿಸಿತು.

1832ರಲ್ಲಿ ನೇಮಕವಾದ ವಿಚಾರಣಾ ಆಯೋಗಕ್ಕೆ ತನ್ನ ವಾದಕ್ಕೆ ಹೊಂದುವ ಊರೊಂದು ಸಿಕ್ಕಿತು: ಬಕಿಂಗ್‌ಹ್ಯಾಂಷೈರ್‌ನ ಚೋಲ್ಸ್‌ಬರಿ. ಅಂಗೈ ಅಗಲದ ಪ್ಯಾರಿಷ್. ತೆರಿಗೆ ಎಷ್ಟು ಏರಿತೆಂದರೆ ಗೇಣಿದಾರರು ಗೇಣಿ ಬಿಟ್ಟರು, ಭೂಮಾಲೀಕರು ಗೇಣಿಯ ಆಸೆ ಬಿಟ್ಟರು, ಪಾದ್ರಿ ತಮ್ಮ ದಶಾಂಶವನ್ನೇ ಬಿಟ್ಟರು. 1832ರ ಅಕ್ಟೋಬರಿನಲ್ಲಿ ಓವರ್‌ಸಿಯರರು ಪುಸ್ತಕ ಎಸೆದು ಹೊರನಡೆದರು. ಮರುದಿನ ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಡವರೆಲ್ಲ ಗುಂಪಾಗಿ ಪಾದ್ರಿಯ ಮನೆಗೆ ಬಂದಾಗ ಅವರಿನ್ನೂ ಹಾಸಿಗೆಯಲ್ಲಿದ್ದರಂತೆ. ಅನ್ನ ಕೇಳಿದರು, ಅದರ ಜೊತೆಗೆ ಸಲಹೆಯನ್ನೂ ಕೇಳಿದರು. ಒಂದು ಊರಿನ ಸರ್ಕಾರ ದಿವಾಳಿಯಾದ ಬೆಳಗಿನ ಚಿತ್ರ ಇದು. ಇಡೀ ದೇಶ ಹೀಗಿರಲಿಲ್ಲ. ಆದರೆ ವರದಿ ಓದಿದವರ ಕಣ್ಣಿಗೆ ಕಟ್ಟಿದ್ದು ಚೋಲ್ಸ್‌ಬರಿಯೇ.

1834ರ ಹೊಸ ಕಾನೂನು ಹಳ್ಳಿಗಳನ್ನು ಕಂತೆ ಕಟ್ಟಿ ‘ಯೂನಿಯನ್’ ಮಾಡಿತು, ದೇಶಕ್ಕೆಲ್ಲ ಸುಮಾರು 600. ಪ್ರತಿ ಯೂನಿಯನ್ನಿಗೆ ಚುನಾಯಿತ ಗಾರ್ಡಿಯನ್ನರ ಮಂಡಳಿ, ಬಡವರನ್ನು ಒಳಗಿಟ್ಟು ದುಡಿಸುವ ಒಂದು ವರ್ಕ್‌ಹೌಸ್. ಎಲ್ಲರ ಮೇಲೆ ಲಂಡನ್ನಿನಲ್ಲಿ ಮೂವರು ಕಮಿಷನರು. ನೆರವು ಪಡೆಯುವವನ ಸ್ಥಿತಿ ಸ್ವಂತ ದುಡಿಮೆಯ ಕಟ್ಟಕಡೆಯ ಕೂಲಿಯವನ ಸ್ಥಿತಿಗಿಂತ ಕೆಳಗಿರಬೇಕು ಎಂಬುದು ಅದರ ಸೂತ್ರ. ಮೈಯಲ್ಲಿ ಶಕ್ತಿ ಇದ್ದು ಹಸಿವೆನ್ನುವವನಿಗೆ ವರ್ಕ್‌ಹೌಸಿನ ಬಾಗಿಲು ತೋರಿಸಿ. ನಿಜಕ್ಕೂ ಹಸಿದಿದ್ದರೆ ಒಳಗೆ ಬರುತ್ತಾನೆ. ಬಡವನ ಮಾತನ್ನು ನೆರೆಯವರ ತಿಳುವಳಿಕೆಯಿಂದ ಪರೀಕ್ಷಿಸುತ್ತಿದ್ದ ಕಾಲ ಹೋಗಿ ಕಟ್ಟಡದಿಂದ ಪರೀಕ್ಷಿಸುವ ಕಾಲ ಬಂತು.

ಆ ಕಟ್ಟಡದ ಮಾದರಿ ಬಂದದ್ದೂ ಹಳ್ಳಿಗಾಡಿನಿಂದಲೇ. ನಾಟಿಂಗ್‌ಹ್ಯಾಂಷೈರ್‌ನ ಸೌತ್‌ವೆಲ್‌ನಲ್ಲಿ ಜಾನ್ ಬೀಚರ್ ಎಂಬ ಪಾದ್ರಿ 1824ರಲ್ಲಿ 49 ಪ್ಯಾರಿಷ್‌ಗಳಿಗಾಗಿ 158 ಮಂದಿ ಹಿಡಿಸುವ ವರ್ಕ್‌ಹೌಸ್ ಕಟ್ಟಿಸಿದ್ದರು. ಗಂಡಸರು, ಹೆಂಗಸರು, ಮಕ್ಕಳು ಬೇರೆ ಬೇರೆ. ‘ತಪ್ಪಿಲ್ಲದ’ ಮುದುಕರು ಒಂದು ಕಡೆ, ‘ಸೋಮಾರಿ’ ಗಟ್ಟಿಗರು ಇನ್ನೊಂದು ಕಡೆ. ಅಂಗಳ ಬೇರೆ, ಮೆಟ್ಟಿಲು ಬೇರೆ. ಒಂದೇ ಮನೆಯಲ್ಲಿದ್ದ ಗಂಡ ಹೆಂಡತಿ ಗೋಡೆಯ ಎರಡು ಬದಿ ಬದುಕಿದರು. ಅದೇ ಸೌತ್‌ವೆಲ್‌ನಲ್ಲಿ ಆ ಹೊತ್ತಿಗೆ ಓವರ್‌ಸಿಯರ್ ಆಗಿದ್ದವರು ಜಾರ್ಜ್ ನಿಕೋಲ್ಸ್. ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನರಾಗಿದ್ದವರು. 1815ರಲ್ಲಿ ಸಿಲೋನಿನ ಗಾಲೆ ಬಂದರಿನಲ್ಲಿ ಅವರ ಹಡಗು ಸುಟ್ಟುಹೋದ ಮೇಲೆ ಸಮುದ್ರ ಬಿಟ್ಟರು. ಬಡವರ ಖರ್ಚನ್ನು ಬಿಗಿಹಿಡಿದದ್ದರ ಬಗ್ಗೆ ಪತ್ರಗಳನ್ನು ಅಚ್ಚು ಹಾಕಿಸಿ ಹೆಸರಾದ ಅವರು 1834ರ ಮೂವರು ಕಮಿಷನರಲ್ಲಿ ಒಬ್ಬರಾದರು, ಮುಂದೆ 1838ರ ಐರ್ಲೆಂಡಿನ ಕಾನೂನಿಗೂ ತಳಹದಿ ಹಾಕಿದರು.

ಗೋಡೆಯ ಒಳಗೆ ಊರಿನ ಕಣ್ಣು ತಲುಪದಿದ್ದರೆ ಏನಾಗುತ್ತದೆಂದು ಹ್ಯಾಂಪ್‌ಷೈರ್‌ನ ಆಂಡೋವರ್ ತೋರಿಸಿತು. ಅಲ್ಲಿನ ವರ್ಕ್‌ಹೌಸಿನ ಯಜಮಾನ ಮೆಕ್‌ಡೂಗಲ್ ವಾಟರ್ಲೂ ಕಂಡ ಹಳೆಯ ಸಿಪಾಯಿ. ಗೊಬ್ಬರಕ್ಕಾಗಿ ದನ, ಕುದುರೆಗಳ ಮೂಳೆ ಕುಟ್ಟುವುದು ಅಲ್ಲಿನ ಗಂಡಸರ ಕೆಲಸ. ಪಡಿಯಲ್ಲಿ ಅವನ ಕೈವಾಡ ನಡೆದು ಹಸಿದವರು ಆ ಮೂಳೆಗೆ ಅಂಟಿದ್ದ ಕೊಳೆತ ಮಾಂಸಕ್ಕೆ, ಮಜ್ಜೆಗೆ ಕಿತ್ತಾಡುತ್ತಿದ್ದರು. ಮಂಡಳಿಯಲ್ಲಿದ್ದ ಹ್ಯೂ ಮಂಡಿ ಎಂಬ ರೈತ ಬಾಯಿಬಿಟ್ಟರು. 1845ರ ಆಗಸ್ಟಿನಲ್ಲಿ ಸಂಸದ ಥಾಮಸ್ ವೇಕ್ಲಿ ಪಾರ್ಲಿಮೆಂಟಿನಲ್ಲಿ ಅದನ್ನೆತ್ತಿದರು. 1847ರಲ್ಲಿ ಲಂಡನ್ನಿನ ಆ ಮೂವರ ಕಮಿಷನ್ ವಿಸರ್ಜನೆಯಾಯಿತು. ವರ್ಕ್‌ಹೌಸುಗಳು ಹಾಗೇ ಉಳಿದವು.

1834ರ ಸೂತ್ರದ ನೆರಳು ಬಳ್ಳಾರಿಯವರೆಗೂ ಚಾಚಿತು. 1876–78ರ ಬರಗಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಖರ್ಚು ಇಳಿಸಲು ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಬರಪರಿಹಾರದ ಕೆಲಸದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅರ್ಧ ಆಣೆ ಎಂದು ಗೊತ್ತುಮಾಡಿದರು. ಮನೆ ಬಿಟ್ಟು ದೂರದ ಶಿಬಿರಕ್ಕೆ ಬಂದು ಕಲ್ಲು ಒಡೆಯಲು ಒಪ್ಪಿದವನೇ ನಿಜವಾದ ಹಸಿದವನು ಎಂಬ ತರ್ಕ ವರ್ಕ್‌ಹೌಸಿನ ಬಾಗಿಲಿನದೇ. ಪ್ರಾಂತ್ಯದ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಪ್ರತಿಭಟಿಸಿದ ಮೇಲೆ ಪಡಿ ಏರಿತು, ಅಷ್ಟರಲ್ಲಿ ಕಾಲ ಮಿಂಚಿತ್ತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದ ಕೆಳಗೆ ಬಂದಿದ್ದರು. ಇಂಗ್ಲೆಂಡಿನಿಂದ ಪರೀಕ್ಷೆ ಬಂತು. ಊರಿನ ಮೇಲೆ ಬಡವನಿಗಿದ್ದ ಹಕ್ಕು ಮಾತ್ರ ಹಡಗು ಹತ್ತಲಿಲ್ಲ.

ಅತ್ತ ಇಂಗ್ಲೆಂಡಿನ ಹಳ್ಳಿಯಲ್ಲಿ ಬಡವರ ಲೆಕ್ಕ ಕಳೆದುಕೊಂಡ ವೆಸ್ಟ್ರಿ ಸೊರಗುತ್ತಿತ್ತು. 1818ರ ಕಾಯ್ದೆ ಹೆಚ್ಚು ಆಸ್ತಿ ಇದ್ದವನಿಗೆ ಆರು ಮತದವರೆಗೂ ಕೊಟ್ಟಿತ್ತು. ಕೂಲಿಯವನು ಅಲ್ಲಿ ಬಾಯಿ ತೆರೆದು ಪ್ರಯೋಜನವಿರಲಿಲ್ಲ. 1894ರ ಕಾಯ್ದೆ ಇದನ್ನು ತಿರುವಿಹಾಕಿತು. 300 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಹಳ್ಳಿ ಪ್ಯಾರಿಷ್‌ಗೆ ಚುನಾಯಿತ ಕೌನ್ಸಿಲ್, ಒಬ್ಬರಿಗೆ ಒಂದೇ ಮತ, ಹೆಂಗಸರೂ ನಿಲ್ಲಬಹುದು. ಕಾಯ್ದೆಯಲ್ಲಿ ಒಂದು ಸಣ್ಣ ಸಾಲಿದೆ: ಪ್ಯಾರಿಷ್ ಸಭೆ ಸಂಜೆ ಆರು ಗಂಟೆಗೆ ಮುಂಚೆ ಶುರುವಾಗಕೂಡದು. ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ಸಭೆಗೆ ಬರುವಷ್ಟು ಹೊತ್ತು ಕೂಲಿಯವನಿಗೆ ಸಿಗಲಿ ಎಂದು. ಬೇರೆ ಜಾಗ ಇರುವಾಗ ಹೆಂಡದಂಗಡಿಯಲ್ಲಿ ಕೂಡಕೂಡದು ಎಂದೂ ಇದೆ. ಬೆಳಗಿನ ಹನ್ನೊಂದಕ್ಕೆ ಗ್ರಾಮಸಭೆ ಕರೆದು ಜನ ಬರಲಿಲ್ಲ ಎಂದು ಗೊಣಗುವವರು ಆ ಸಾಲನ್ನು ಒಮ್ಮೆ ಓದಬೇಕು.

ಆದರೆ ಕೂಲಿಯವನು ಆ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ರೊಟ್ಟಿಯ ಲೆಕ್ಕ ಅಲ್ಲಿರಲಿಲ್ಲ. ಕೌನ್ಸಿಲ್ಲಿನ ಕೈಯಲ್ಲಿ ಉಳಿದದ್ದು ಕಾಲುದಾರಿ, ಬಾವಿ, ಬಡವರಿಗೆ ತರಕಾರಿ ಬೆಳೆಯಲು ತುಂಡು ನೆಲ, ಪೌಂಡಿಗೆ ಮೂರು ಪೆನ್ಸಿನ ತೆರಿಗೆ. ಗಾರ್ಡಿಯನ್ನರು 1930ರಲ್ಲಿ ಹೋದರು, ಬಡವರ ಕಾನೂನು 1948ರಲ್ಲಿ ಪೂರ್ತಿ ರದ್ದಾಯಿತು. ಗ್ರೆಸೆನ್‌ಹಾಲ್ ಇಂದು ಹಳ್ಳಿ ಬದುಕಿನ ವಸ್ತುಸಂಗ್ರಹಾಲಯ. ಸೌತ್‌ವೆಲ್ ಕಟ್ಟಡವನ್ನು ನ್ಯಾಷನಲ್ ಟ್ರಸ್ಟ್ 2002ರಿಂದ ಜನರಿಗೆ ತೆರೆದಿಟ್ಟಿದೆ.

ಇಷ್ಟೆಲ್ಲ ತಿಳಿದದ್ದು ಮರದ ಪೆಟ್ಟಿಗೆಗಳ ದಯೆಯಿಂದ. ಪ್ರತಿ ಚರ್ಚಿನಲ್ಲೂ ಮೂರು ಬೀಗದ ಪೆಟ್ಟಿಗೆ, ಒಂದು ಕೀಲಿ ಪಾದ್ರಿಯ ಬಳಿ, ಎರಡು ಚರ್ಚ್‌ವಾರ್ಡನ್ನರ ಬಳಿ. ಮೂವರೂ ಕೂಡದೆ ತೆರೆಯುವಂತಿಲ್ಲ. ಬೂಟಿನ ಲೆಕ್ಕ, ಊರಿಂದ ಸಾಗಹಾಕುವ ಅಪ್ಪಣೆ, ಅಡ್ಡಗೀಟಿನ ಹೇಳಿಕೆ ಎಲ್ಲ ಅದರಲ್ಲಿ ಉಳಿದವು. 1978ರ ನಿಯಮದಿಂದ ಹಳೆಯ ಕಾಗದಗಳು ಜಿಲ್ಲಾ ದಾಖಲೆ ಕಚೇರಿಗಳಿಗೆ ಸೇರಿದವು. ನಮ್ಮ ಹಳ್ಳಿಗಳ ಲೆಕ್ಕ ಶಾನುಭೋಗರ ಮನೆಯಲ್ಲಿತ್ತು. 1961ರ ಕಾಯ್ದೆಯಿಂದ ಆ ಹುದ್ದೆ ರದ್ದಾದ ಮೇಲೆ ಕೆಲವು ಕಡತ ತಾಲ್ಲೂಕು ಕಚೇರಿಗೆ ಹೋದವು, ಕೆಲವು ಅಟ್ಟದಲ್ಲೇ ಉಳಿದವು. ಓದುಗರ ಮನೆಯ ಅಟ್ಟದಲ್ಲಿ ಅಂಥದೊಂದು ಗಂಟು ಇದ್ದರೆ ರದ್ದಿಯವನಿಗೆ ತೂಗಿಹಾಕಬೇಡಿ. ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಒಂದು ಕಾಗದ ಬರೆಯಿರಿ.